ಮಂಗಳ ಹಾಡದ ಶ್ರಾವಣ

ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಮಸ್ಕಿಯ ಬಸ್ಸಿಗೆ ಕಾಯುತ್ತ ಕೂತಿದ್ದೆ. ಶ್ರಾವಣದ ಜಿಟಿಜಿಟಿ ಮಳೆ. ಇಲಾಖೆಯವರು ಕರೆದಿದ್ದ ತರಬೇತಿ ಮುಗಿದಿತ್ತು, ಅಲ್ಲಿ ಹೇಳಿಕೊಟ್ಟದ್ದು ನಿಲ್ದಾಣಕ್ಕೆ ಬರುವಷ್ಟರಲ್ಲೇ ಮರೆತಿತ್ತು. ಪಕ್ಕದಲ್ಲಿ ಯಾರೋ ಬಂದು ಗಂಟು ಇಟ್ಟು ಕೂತರು. ಗಂಟಿನಿಂದ ಅರ್ಧ ಒಣಗಿದ ಕೌದಿಯ ವಾಸನೆ ಬಂತು. ಹಳೆ ಸೀರೆ, ಹಳೆ ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಹೊದಿಕೆ ಅದು. ಕಾಲುವೆಯಲ್ಲಿ ಎಷ್ಟು ಕುಕ್ಕಿ ಒಗೆದರೂ ಅದರಲ್ಲಿ ಮಲಗಿ ಎದ್ದವರ ಬೆವರು ಪೂರ್ತಿ ಹೋಗುವುದಿಲ್ಲ. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಈಗಲೂ ಉಸಿರು ಕಟ್ಟಿದಂತಾಗುತ್ತದೆ. ಎದ್ದು ಆಚೆ ಹೋಗೋಣ ಎಂದು ತಿರುಗಿದರೆ, ಹುಲಿಗೆಮ್ಮ ಚಿಗವ್ವ.

“ಅಕ್ಕೋರೆ, ನೀವಲ್ಲೇನ್ರಿ?” ಎಂದಳು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಎಂದೇ ಕರೆಯುತ್ತಾರೆ.

“ಎಲ್ಲಿಗೆ ಹೊಂಟಿ ಚಿಗವ್ವ, ಈ ಮಳ್ಯಾಗ?”

“ಮುಕ್ಕುಂದಕ್ಕ, ಮಗಳ ಮನಿಗೆ. ಊರಾಗ ಸಪ್ತ ಹೂಡ್ಯಾರ. ಅದು ಮುಗಿಯೂತನ ಅಲ್ಲೇ ಇರ್ತೀನಿ. ವರ್ಷಾ ಹಂಗ ಮಾಡ್ತೀನ್ರಿ.”

ಯಾಕೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯ ಈ ಭೂಮಿಯ ಮೇಲೆ ಯಾರಿಗಾದರೂ ಇಲ್ಲವೆಂದರೆ ಅದು ನನಗೆ. ಕೊರೊನಾ ಬಂದ ಮೊದಲ ವರ್ಷದ ಶ್ರಾವಣವನ್ನು ನಾವಿಬ್ಬರೂ ಒಂದೇ ಸೂರಿನ ಕೆಳಗೆ, ಒಂದೇ ಬೊಂಬಿನ ಬೇಲಿಯ ಹಿಂದೆ ಕಳೆದವರು.

ಅವಳ ಊರು ಬಳಗಾನೂರಿನ ಆಚೆ, ಕಾಲುವೆಯ ದಂಡೆ ಹಿಡಿದು ಹೋದರೆ ಸಿಗುತ್ತದೆ. ಹೆಸರು ಬೇಡ. ಸುತ್ತ ಭತ್ತದ ಗದ್ದೆ, ನಡುವೆ ಹನುಮಪ್ಪನ ಗುಡಿ, ಗುಡಿಯ ಹಿಂದೆ ಒಂದು ಶಾಲೆ. ಆ ಶಾಲೆಗೆ ನನ್ನನ್ನು ಹಾಕಿದಾಗ ಇರಲು ಕೋಣೆ ಸಿಗಲಿಲ್ಲ. ನಮ್ಮದು ಲಿಂಗಸುಗೂರು. ಅಪ್ಪನಿಗೆ ನೌಕರಿ ಸಿಕ್ಕ ಮೇಲೆ ನಮ್ಮ ಮನೆಯ ಗೋಡೆಗೆ ಬುದ್ಧನ ಪಟ ಬಂತು, ಉಳಿದ ದೇವರುಗಳು ಇಳಿದು ಹೋದರು. ಕೋಣೆ ಕೇಳಲು ಹೋದಲ್ಲೆಲ್ಲ ಮೊದಲು ಚಹಾ ಕೊಡುತ್ತಿದ್ದರು, ಆಮೇಲೆ ಯಾವ ಪೈಕಿ ಎಂದು ಸುತ್ತು ಬಳಸಿ ಕೇಳುತ್ತಿದ್ದರು, ಆಮೇಲೆ ಕೋಣೆ ಖಾಲಿ ಇಲ್ಲವೆನ್ನುತ್ತಿದ್ದರು. ಏನೂ ಕೇಳದೆ ಬಾಗಿಲು ತೆಗೆದವರು ಅಮರಪ್ಪ ಕಾಕಾ ಒಬ್ಬರೇ. ಹುಲಿಗೆಮ್ಮ ಚಿಗವ್ವನ ಗಂಡ.

“ಇದು ಪದ ಹಾಡೂ ಮನಿ ನೋಡ್ರಿ ಅಕ್ಕೋರೆ. ಬೆಳಿಗ್ಗಿ ಎದ್ದಕೂಡ್ಲೆ ಒದರತೀನಿ. ನಿದ್ದಿ ಕೆಡ್ತು ಅಂತ ಬೈಬಾರ್ದು. ಅದೊಂದ ಕರಾರು,” ಎಂದಿದ್ದರು.

ಅವರದು ಊರ ಭಜನೆಯಲ್ಲಿ ಮುಂದೆ ನಿಂತು ಹಾಡುವ ದನಿ. ಇಂಪಾದ ದನಿಯೇನಲ್ಲ, ಸ್ವಲ್ಪ ಒಡಕೇ. ಗದ್ದೆಯಲ್ಲಿ ನೀರು ಕಟ್ಟುತ್ತ ದೂರದವರನ್ನು ಕೂಗಿ ಕೂಗಿ ಒಡೆದದ್ದು. ಆದರೆ ಎತ್ತಿದ ಪದವನ್ನು ಕೈಬಿಡುತ್ತಿರಲಿಲ್ಲ. ಹಿಂದಿನವರು ತಾಳ ತಪ್ಪಿದರೂ, ಯಾರೋ ಕರೆದರೂ, ಕೊನೆಯ ನುಡಿ ಮುಗಿಸಿಯೇ ಓಗೊಡುವುದು. ಮನೆಯಲ್ಲೂ ಹಾಗೆಯೇ. ಊಟಕ್ಕೆ ಬಾ ಎಂದು ಚಿಗವ್ವ ಕರೆದರೆ ಪದ ಮುಗಿಯುವವರೆಗೆ ಬೆರಳೆತ್ತಿ ತಡೆಯುತ್ತಿದ್ದರು, ಅವಳು ತಾಟು ಮುಚ್ಚಿಟ್ಟು ಬೈಯುತ್ತ ಕೂರುತ್ತಿದ್ದಳು.

ಶ್ರಾವಣದಲ್ಲಿ ಹನುಮಪ್ಪನ ಗುಡಿಯಲ್ಲಿ ಸಪ್ತಾಹ. ಊರವರ ಬಾಯಲ್ಲಿ ಸಪ್ತ. ಏಳು ದಿನ ಹಗಲು ರಾತ್ರಿ ಭಜನೆ ನಿಲ್ಲುವಂತಿಲ್ಲ. ಒಂದು ತಂಡ ದಣಿದರೆ ಇನ್ನೊಂದು ತಂಡ ಬಂದು ನಿಲ್ಲುತ್ತದೆ, ತಾಳ ಕೈಯಿಂದ ಕೈಗೆ ಹೋಗುವಾಗಲೂ ಸದ್ದು ಕಡಿಯಬಾರದು. ಕಡೆಯ ದಿನ ದೇವರ ಮುಂದೆ ಮಂಗಳದ ಪದ ಹಾಡಿದ ಮೇಲೆಯೇ ತಾಳ ಕೆಳಗಿಡುವುದು. ನಡುವೆ ಮುರಿದರೆ ಊರಿಗೆ ಕೇಡು. ಊರಲ್ಲಿ ಯಾರಾದರೂ ತೀರಿಕೊಂಡರೆ ಮಾತ್ರ ಹೆಣ ಗಡಿ ದಾಟುವವರೆಗೆ ನಿಲ್ಲಿಸುತ್ತಾರೆ, ಏಕೆಂದರೆ ಸೂತಕದಲ್ಲಿ ದೇವರಿಗೆ ಹಾಡುವಂತಿಲ್ಲ. ಇದೆಲ್ಲ ನನಗೆ ಕಾಕಾ ಹೇಳಿದ್ದು. ನಾನು ಗುಡಿಯೊಳಗೆ ಕಾಲಿಟ್ಟವಳಲ್ಲ. ಕೋಣೆಯ ಕಿಟಕಿಯಲ್ಲಿ ಕೂತು ಕೇಳುತ್ತಿದ್ದೆ, ಅಷ್ಟೇ. ದೇವರ ಮೇಲೆ ನಂಬಿಕೆ ಇರಲಿಲ್ಲ, ಆ ಒಡಕು ದನಿಯ ಮೇಲೆ ಇತ್ತು.

ಆ ವರ್ಷ ಯುಗಾದಿಯ ಹೊತ್ತಿಗೇ ಗುಡಿ ಮುಚ್ಚಿತು. ಮುಂಗಾರು ಶುರುವಾದ ಮೇಲೆ ನಿಯಮಗಳ ಜೊತೆ ಮತ್ತೆ ತೆರೆಯಿತು. ಗುಡಿಯ ಪಂಚರಲ್ಲಿ ಹಿರಿಯರಾದ ಶೇಖರಗೌಡರು ಆ ನಿಯಮಗಳನ್ನು ಪಾಲಿಸಿದಷ್ಟು ನಿಷ್ಠೆಯಿಂದ ಇಡೀ ಸಿಂಧನೂರು ತಾಲ್ಲೂಕಿನಲ್ಲಿ ಯಾರೂ ಪಾಲಿಸಿರಲಾರರು. ಅದನ್ನು ನಾನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಅಂಗಳದ ತುಂಬ ಸುಣ್ಣದ ಗುಂಡುಗೆರೆ ಎಳೆಸಿದರು. ಯಾರೂ ಮುಟ್ಟಬಾರದೆಂದು ಗಂಟೆಯ ನಾಲಗೆಗೆ ಬಟ್ಟೆ ಸುತ್ತಿಸಿದರು. ಬಾಗಿಲ ಬಳಿ ಸೋಪಿನ ನೀರಿನ ಕೊಪ್ಪರಿಗೆ ಇಟ್ಟರು. ತೀರ್ಥ ಬಂದಾಯಿತು, ಹಣೆಗೆ ಹಚ್ಚುವ ಬುಕ್ಕಿಟ್ಟು ಬಂದಾಯಿತು. ಹನುಮಪ್ಪನಿಗೂ ಮಾಸ್ಕ್ ಹಾಕಬೇಕೇ ಬೇಡವೇ ಎಂದು ಕಟ್ಟೆಯ ಮೇಲೆ ಒಂದು ಇಡೀ ಸಂಜೆ ಮಾತು ನಡೆಯಿತು. ಅವನ ಮೂತಿಗೆ ಹೊಂದುವ ಮಾಸ್ಕ್ ಎಲ್ಲಿ ಸಿಗುತ್ತದೆ ಎಂಬಲ್ಲಿಗೆ ಅದು ನಿಂತಿತು. ಗೌಡರು ದಿನಾ ಬಂದು ಗೆರೆಯಾಚೆ ನಿಂತವರನ್ನು ಗದರಿಸಿ ಗೆರೆಯೊಳಗೆ ನಿಲ್ಲಿಸುತ್ತಿದ್ದರು.

ಆರಡಿ ದೂರ ನಿಂತು ಕೈಮುಗಿಯುತ್ತಿದ್ದ ಊರ ಹಿರಿಯರನ್ನು ಕಂಡಾಗ ನನಗೆ ಒಳಗೊಳಗೇ ನಗು ಬಂದದ್ದು ನಿಜ. ಹಾಗೆ ನಿಲ್ಲುವುದು ನಮ್ಮ ಅಜ್ಜಿಗೆ ಹೊಸದಾಗಿರಲಿಲ್ಲ. ಒಂದು ದಿನ ಅದನ್ನು ಕಾಕಾ ಅವರಿಗೆ ಹೇಳಿಯೂ ಬಿಟ್ಟೆ. ಅವರು ತಲೆ ತಗ್ಗಿಸಿ, “ಖರೇ ಐತ್ರಿ,” ಎಂದರು. 

ಕಾಲುವೆಗೆ ನೀರು ಬಿಟ್ಟರು. ಗದ್ದೆಗಳಲ್ಲಿ ಕೆಸರು ತುಳಿಸುವ ಟ್ರ್ಯಾಕ್ಟರುಗಳು ಕಬ್ಬಿಣದ ಗಾಲಿ ಹಾಕಿಕೊಂಡು ಬೆಳಗಿನಿಂದ ರಸ್ತೆಯಲ್ಲಿ ಕಟಕಟ ಸದ್ದು ಮಾಡುತ್ತ ಓಡಾಡತೊಡಗಿದವು. ಸಾಲಗುಂದದ ಕಡೆಯಿಂದ ನಾಟಿಗೆ ಹೆಣ್ಣಾಳುಗಳು ಟಂಟಂ ಆಟೋ ತುಂಬ ಬರುತ್ತಿದ್ದರು, ಸೆರಗೇ ಮಾಸ್ಕು. ಶಾಲೆ ಇರಲಿಲ್ಲ. ಮನೆ ಮನೆಗೆ ಹೋಗಿ ಜ್ವರ, ನೆಗಡಿ ಕೇಳಿ ಬರುವ ಕೆಲಸ ನಮಗೆ. ಯಾರೂ ನಿಜ ಹೇಳುತ್ತಿರಲಿಲ್ಲ. ಜ್ವರವೆಂದರೆ ಹಿಡಿದುಕೊಂಡು ಹೋಗುತ್ತಾರೆಂಬ ಹೆದರಿಕೆ.

ಶ್ರಾವಣ ಹತ್ತಿರ ಬಂದಂತೆ ಸಪ್ತದ ಚಿಂತೆ ಎದ್ದಿತು. ತಾಲ್ಲೂಕು ಕಚೇರಿಯಲ್ಲಿ ಗುಡಿ, ಮಸೀದಿ, ಮಠಗಳವರನ್ನೆಲ್ಲ ಕರೆದು ಸಭೆ ಮಾಡಿದರು. ಗೌಡರು ಅಲ್ಲಿಂದ ಗೆದ್ದು ಬಂದವರ ಹಾಗೆ ಬಂದರು. ನೇರ ನಮ್ಮ ಮನೆ ಕಟ್ಟೆಗೇ ಬಂದು ಕೂತರು.

“ಅಮರಪ್ಪ, ಗುಂಪು ಕೂಡಿ ಹಾಡಂಗಿಲ್ಲಂತ. ಆದ್ರ ರೆಕಾರ್ಡ್ ಹಚ್ಚಬಹುದಂತ. ದೇವ್ರು ದಾರಿ ತೋರಿಸ್ಯಾನ ನೋಡು.”

“ಕ್ಯಾಸೆಟ್ ಪದ ಹಚ್ಚಿ ಸಪ್ತ ಮಾಡೂದೇನ್ರಿ ಗೌಡ್ರೆ? ನಮ್ಮೂರ ಹನುಮಪ್ಪಗ ಮಂದಿ ಊರ ದನಿ ಗುರ್ತು ಸಿಗ್ತೈತೇನು?” ಎಂದರು ಕಾಕಾ.

“ಮಂದಿದ್ಯಾಕೋ. ನಿಮ್ಮದ ರೆಕಾರ್ಡ್ ಮಾಡೂನು. ಖಾಜಾ ಅದಾನಲ್ಲ.”

ಖಾಜಾಸಾಬ ಊರಿನ ಮೈಕಿನವನು. ಮದುವೆ, ಸಪ್ತ, ಮೊಹರಮ್ಮಿನ ಅಲಾಯಿ ಹಬ್ಬ, ಚುನಾವಣೆ ಎಲ್ಲಕ್ಕೂ ಅವನದೇ ಮೈಕು. ಕಾಕಾ ಅವರಿಗೆ ಚಿಕ್ಕಂದಿನ ಗೆಳೆಯ. ಅವನು ಒಪ್ಪಿದ. ಊರಿಗೆ ಊರೇ ಒಪ್ಪಿತು. ನನಗೂ ಅದು ಒಳ್ಳೆಯ ಉಪಾಯವೆಂದೇ ಅನ್ನಿಸಿತು. ಸಪ್ತದ ಏಳು ದಿನ ಗುಡಿಯಲ್ಲಿ ಪೂಜಾರಿ ಮತ್ತು ಖಾಜಾ ಇಬ್ಬರೇ. ಜನ ಮನೆಯಲ್ಲಿ ಕೂತು ಮೈಕಿನಲ್ಲಿ ಕೇಳುವುದು. ಗುಂಪಿಲ್ಲ, ಗದ್ದಲವಿಲ್ಲ, ಪೊಲೀಸರ ಕಾಟವಿಲ್ಲ.

ಸಪ್ತ ಹೂಡುವುದಕ್ಕೆ ಇನ್ನೂ ಕೆಲವು ದಿನ ಇರುವಾಗ ಗುಡಿಯ ಹಿಂದಿನ ಉಗ್ರಾಣದ ಕೋಣೆಯಲ್ಲಿ ರೆಕಾರ್ಡ್ ಮಾಡಲು ಕೂತರು. ಶುರು ಮಾಡಿದರೆ ಟ್ರ್ಯಾಕ್ಟರಿನ ಸದ್ದು ಒಳಗೆ ಬಂತು. ಮತ್ತೆ ಮಾಡಿದರೆ ನಾಯಿ. ಮತ್ತೆ ಮಾಡಿದರೆ ಕಪ್ಪೆ. ಖಾಜಾ ಕಟ್ಟುನಿಟ್ಟಿನವನು, ಏಳು ದಿನ ಊರೆಲ್ಲ ಕೇಳುವ ಪದದಲ್ಲಿ ನಾಯಿ ಬೊಗಳಬಾರದು ಎಂದ. ಆಗ ಮನೆ ಮನೆಯಿಂದ ಕೌದಿ ತರಿಸಿದರು. ಚಿಗವ್ವ ತಮ್ಮ ಹಾಸಿಗೆಯದನ್ನೂ ಎತ್ತಿಕೊಟ್ಟಳು. ಕಿಟಕಿಗೊಂದು, ಬಾಗಿಲಿಗೆರಡು, ಬೆಳಕಿಂಡಿಗೆ ಒಂದು ಮಡಿಚಿ ತುರುಕಿದರು. ಫ್ಯಾನಿನ ಸದ್ದು ಬರುತ್ತದೆಂದು ಅದನ್ನೂ ಬಂದ್ ಮಾಡಿದರು. ಮಾಸ್ಕಿನಲ್ಲಿ ಪದ ಬಾಯಿಬಿಟ್ಟು ಬರುವುದಿಲ್ಲವೆಂದು ಅದನ್ನು ಗದ್ದಕ್ಕೆ ಇಳಿಸಿಕೊಂಡರು. ಆ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ, ಮಂಡಿಗೆ ಮಂಡಿ ತಾಗಿಸಿ ಕೂತು, ಗಂಟಲು ಹರಿಯುವಂತೆ ಹಾಡಿದರು. ಗುಂಪು ಕೂಡಿ ಹಾಡಬಾರದು ಎಂಬ ನಿಯಮವನ್ನು ಪಾಲಿಸುವುದಕ್ಕಾಗಿ.

ನಾನು ಮನೆ ಮನೆ ತಿರುಗುವ ಕೆಲಸ ಮುಗಿಸಿ ಬರುವಷ್ಟರಲ್ಲಿ ಅವರೆಲ್ಲ ಹೊರಗೆ ಬರುತ್ತಿದ್ದರು. ಮೈಯೆಲ್ಲ ಬೆವರು, ಅಂಗಿ ಹಿಂಡಿದರೆ ನೀರು ಸುರಿಯುವ ಹಾಗೆ. ಆದರೂ ಮುಖ ಅರಳಿತ್ತು. ತಿಂಗಳುಗಟ್ಟಲೆ ಹಾಡದೆ ಇದ್ದವರು. ಬಾಗಿಲು ತೆರೆದಾಗ ಬಂದ ಕೌದಿಯ ಬಿಸಿ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

“ಒಂದು ಕಡೆ ಯಾರೋ ಕೆಮ್ಯಾರ,” ಎಂದ ಖಾಜಾ, ಕಿವಿಗೆ ಹಚ್ಚಿಕೊಂಡಿದ್ದನ್ನು ತೆಗೆಯುತ್ತ. “ಮತ್ತೊಮ್ಮೆ ಹಾಡ್ತೀರೇನು?”

“ಇರ್ಲಿ ಬಿಡಲೇ. ಭಜನಿ ಅಂದಮ್ಯಾಲ ಕೆಮ್ಮು ಇರ್ತೈತಿ. ಇಲ್ಲಂದ್ರ ನಾವ ಹಾಡೀವಿ ಅಂತ ಯಾರು ನಂಬ್ತಾರ,” ಎಂದು ಕಾಕಾ ನಕ್ಕರು. ನಾವೆಲ್ಲ ನಕ್ಕೆವು.

“ಮಂಗಳದ ಪದ ಉಳೀತು,” ಎಂದರು ಗೌಡರು.

“ಅದು ಬ್ಯಾಡ್ರಿ. ಮಂಗಳ ಮಷೀನಿನ್ಯಾಗ ಹಾಡಬಾರ್ದು. ಅದು ದೇವ್ರ ಮುಂದ, ಕಡೀ ದಿನಕ್ಕ. ನಾ ಒಬ್ಬನ ಬಂದು ದೂರ ನಿಂತು ಹಾಡಿ ಹೋಗ್ತೀನಿ. ರೂಲ್ಸೂ ಮುರಿಯಂಗಿಲ್ಲ, ಸಪ್ತನೂ ಮುರಿಯಂಗಿಲ್ಲ.”

ಸಪ್ತ ಹೂಡಿದ ದಿನ ಗುಡಿಯ ಮೇಲಿನ ಮೈಕಿನಲ್ಲಿ ಅವರ ದನಿ ಎದ್ದಾಗ ಕಾಕಾ ಅಂಗಳದಲ್ಲಿ ಗೋಡೆಗೊರಗಿ ಕೂತಿದ್ದರು. ಮೈ ಕೈ ನೋವು ಎನ್ನುತ್ತಿದ್ದರು. ಗದ್ದೆಯ ಕೆಲಸದ ದಣಿವಿರಬೇಕು ಎಂದಳು ಚಿಗವ್ವ. ತಮ್ಮ ದನಿಯನ್ನು ತಾವೇ ಕೇಳುತ್ತ ತಲೆಯಾಡಿಸುತ್ತಿದ್ದವರು ಸಂಜೆಯ ಹೊತ್ತಿಗೆ ಕೌದಿ ಹೊದ್ದು ನಡುಗತೊಡಗಿದರು. ಮಾರನೆಯ ದಿನ ಪರೀಕ್ಷೆ, ಅದರ ಮಾರನೆಯ ದಿನ ಆಂಬುಲೆನ್ಸ್. ನೀಲಿ ಬಟ್ಟೆ ತೊಟ್ಟವರು ಮನೆಯೊಳಗೆ ಬರಲಿಲ್ಲ, ಬಾಗಿಲಲ್ಲಿ ನಿಂತು ಬನ್ನಿ ಎಂದರು. ಕಾಕಾ ತಾವೇ ನಡೆದು ಹೋಗಿ ಹತ್ತಿದರು. ಹತ್ತುವಾಗ ಗುಡಿಯ ಕಡೆ ತಿರುಗಿ ನಿಂತರು. ಮೈಕಿನಲ್ಲಿ ಅವರದೇ ಪದ ನಡೆದಿತ್ತು. ಬೆರಳೆತ್ತಿ ಆ ಮಂದಿಯನ್ನು ತಡೆದರು, ಕೊನೆಯ ನುಡಿ ಮುಗಿದ ಮೇಲೆಯೇ ಒಳಗೆ ಕೂತರು.

“ಮಂಗಳಕ್ಕ ಬರ್ತೀನಿ ಅಂತ ಗೌಡ್ರಿಗೆ ಹೇಳ್ರಿ,” ಎಂದರು ನನಗೆ.

ಅವರು ಹೋದಮೇಲೆ ಮನೆಯ ಮುಂದೆ ಬೊಂಬು ಕಟ್ಟಿದರು, ತಗಡು ನಿಲ್ಲಿಸಿದರು. ಒಳಗೆ ನಾನು ಮತ್ತು ಚಿಗವ್ವ. ಇಬ್ಬರಿಗೂ ಏನೂ ಆಗಲಿಲ್ಲ. ಯಾಕೆ ಆಗಲಿಲ್ಲವೋ ಗೊತ್ತಿಲ್ಲ. ಹಾಲಿನ ತಂಬಿಗೆಯನ್ನು ಯಾರೋ ಬೊಂಬಿನ ಬುಡದಲ್ಲಿಟ್ಟು ಓಡುತ್ತಿದ್ದರು. ಆ ಕೋಣೆಯಲ್ಲಿ ಹಾಡಿದವರ ಮನೆಗಳಲ್ಲೆಲ್ಲ ಒಬ್ಬರಿಗೋ ಇಬ್ಬರಿಗೋ ಜ್ವರ ಎಂದು ಫೋನಿನಲ್ಲಿ ಸುದ್ದಿ ಬರತೊಡಗಿತು. ಮೈಕು ಮಾತ್ರ ನಿಲ್ಲಲಿಲ್ಲ. ಅದೇ ಪದಗಳು ಮುಗಿದು ಮತ್ತೆ ಮೊದಲಿನಿಂದ ಬರುತ್ತಿದ್ದವು. ಬೇಲಿ ಕಟ್ಟಿದ ಎರಡನೆಯ ದಿನಕ್ಕೆ ನನಗೆ ಎಲ್ಲವೂ ಬಾಯಿಗೆ ಬಂದಿದ್ದವು. ಆ ಕೆಮ್ಮು ಎಲ್ಲಿ ಬರುತ್ತದೆಂಬುದೂ.

ಆ ಕೆಮ್ಮು ಕಾಕಾ ಅವರದಲ್ಲ. ಕೆಮ್ಮು ಬರುವಾಗ ಅವರ ದನಿ ಹಾಡುತ್ತಲೇ ಇರುತ್ತದೆ. ಹಿಂದೆ ಕೂತ ಯಾರದೋ. ಒಣ ಕೆಮ್ಮು, ಎರಡು ಸಲ. ಮೊದಲು ನಗು ತರಿಸಿದ್ದ ಅದು ಈಗ ಹತ್ತಿರ ಬರುತ್ತಿದ್ದ ಹಾಗೆ ನನ್ನ ಕೈ ಕೆಲಸ ನಿಲ್ಲಿಸುತ್ತಿತ್ತು. ಊರಲ್ಲಿ ಎಲ್ಲರಿಗೂ ಹಾಗೇ ಆಗುತ್ತಿತ್ತು ಎಂದು ಆಮೇಲೆ ತಿಳಿಯಿತು. ಮೈಕು ಕೆಮ್ಮುವಾಗ ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವಂತೆ. ಯಾರದು ಎಂದು ಯಾರೂ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ.

ಆಗ ನನಗೆ ಆ ಕೋಣೆ ಕಣ್ಣಿಗೆ ಕಟ್ಟಿತು. ಮುಚ್ಚಿದ ಕಿಟಕಿ, ನಿಂತ ಫ್ಯಾನು, ಗದ್ದಕ್ಕಿಳಿದ ಮಾಸ್ಕು. ಅಂಗಳದಲ್ಲಿ ಅಷ್ಟು ಸುಣ್ಣದ ಗೆರೆ ಎಳೆದವರು, ಗಂಟೆಗೆ ಬಟ್ಟೆ ಸುತ್ತಿದವರು, ಬೇವಿನ ಗಿಡದ ಕೆಳಗೆ ಗಾಳಿಗೆ ಕೂತು ಹಾಡಿದ್ದರೆ ಬಹುಶಃ ಎಲ್ಲರೂ ಉಳಿಯುತ್ತಿದ್ದರು. ನಾಯಿ ಬೊಗಳಿದ್ದು ಕೇಳುತ್ತಿತ್ತು, ಅಷ್ಟೇ. ನಿಯಮ ಮುರಿದು ಹೀಗಾಗಿದ್ದರೆ ಯಾರನ್ನಾದರೂ ಬೈಯಬಹುದಿತ್ತು. ಇವರು ನಿಯಮ ಪಾಲಿಸಿ ಕೆಟ್ಟರು. ಯಾರನ್ನು ಬೈಯಲಿ.

ಕಾಕಾ ಆಸ್ಪತ್ರೆಗೆ ಒಂದು ಸಣ್ಣ ಮೊಬೈಲ್ ಒಯ್ದಿದ್ದರು. ಮೊದಲು ಮಾತಾಡಿದರು, ಉಸಿರು ಹಿಡಿದು ಹಿಡಿದು. ಗದ್ದೆಗೆ ನೀರು ಬಂತೇ ಎಂದು ಕೇಳಿದರು, ಭಜನೆ ನಡೆದಿದೆಯೇ ಎಂದು ಕೇಳಿದರು. ಆಮೇಲೆ ಫೋನು ಬಂದ್ ಆಯಿತು. ಚಿಗವ್ವ ಗೋಡೆಯ ಕಡೆ ಕೈ ತೋರಿಸಿದಳು.

“ಚಾರ್ಜರ್ ಇಲ್ಲೇ ಬಿಟ್ಟು ಹೋಗ್ಯಾರ ನೋಡ್ರಿ. ಮರಗುಳಿ ಮನಷ್ಯಾ.”

ಗೋಡೆಯಲ್ಲಿ ಚಾರ್ಜರ್ ನೇತಾಡುತ್ತಿತ್ತು. ಅವಳಿಗೆ ಅಷ್ಟು ಸಾಕಾಯಿತು. ಆದರೂ ನನ್ನ ಮುಖ ಸಣ್ಣದಾದದ್ದು ಅವಳ ಕಣ್ಣಿಗೆ ಬಿದ್ದಿರಬೇಕು. ಅವಳೇ ನನಗೆ ಧೈರ್ಯ ಹೇಳಿದಳು.

“ಫಿಕರ್ ಮಾಡಬ್ಯಾಡ್ರಿ ಅಕ್ಕೋರೆ. ಅವರಿಗೇನಾರ ಆಗಿದ್ರ ಗುಡ್ಯಾಗ ಭಜನಿ ನಿಂದರಿಸ್ತಿದ್ರು. ಸೂತಕದಾಗ ಹಾಡ್ತಾರೇನು? ದನಿ ಕೇಳಾಕತ್ತೈತಿ ಅಂದ್ರ ಅವ್ರು ಚಲೋ ಅದಾರ ಅಂತ ಲೆಕ್ಕ.”

ಅಂದಿನಿಂದ ಅವಳು ಮೈಕಿಗೆ ಕಿವಿ ಕೊಟ್ಟೇ ಬದುಕಿದಳು. ರೊಟ್ಟಿ ಬಡಿಯುವಾಗ, ಮುಸುರೆ ತಿಕ್ಕುವಾಗ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಅವಳ ತಲೆ ಗುಡಿಯ ಕಡೆಗೇ ವಾಲಿರುತ್ತಿತ್ತು. ಒಂದು ಪದ ಮುಗಿದು ಇನ್ನೊಂದು ಶುರುವಾಗುವ ನಡುವೆ ಉಸಿರು ಹಿಡಿಯುತ್ತಿದ್ದಳು, ದನಿ ಎದ್ದ ಮೇಲೆ ಬಿಡುತ್ತಿದ್ದಳು. ಕರೆಂಟು ಹೋದರೂ ಖಾಜಾ ಬ್ಯಾಟರಿಯ ಮೇಲೆ ನಡೆಸುತ್ತಿದ್ದ. “ಖಾಜಾ ಹುಷಾರ ಮನಷ್ಯಾ, ನಿಂದ್ರಸಂಗಿಲ್ಲ,” ಎಂದು ಹೇಳಿಕೊಳ್ಳುತ್ತಿದ್ದಳು.

ಮಂಗಳಕ್ಕೆ ಒಂದು ದಿನ ಮುಂಚೆ, ಬೆಳಗಿನ ಹೊತ್ತು ಕಳೆದ ಮೇಲೆ ಗೌಡರ ಫೋನು ಬಂತು.

“ಅಕ್ಕೋರೆ, ಆಕಿ ಬಾಜೂ ಅದಾಳೇನು? ಜರಾ ಒಳಗ ಹೋಗ್ರಿ.”

ನನ್ನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ.

“ಅಮರಪ್ಪ ಹೋಗಿಬಿಟ್ಟಾನ್ರಿ. ಮುಕ್ಕುಂದದ ಅಳಿಯ ಫೋನ್ ಮಾಡಿದ್ದ. ಹೆಣ ಕೊಡಂಗಿಲ್ಲಂತ, ಅವರ ಮಣ್ಣು ಮಾಡ್ತಾರಂತ. ಅಳಿಯ ಒಬ್ಬಾವ ದೂರ ನಿಂತು ನೋಡಾಕ ಹೋಗ್ಯಾನ.”

ಹೊರಗೆ ಮೈಕಿನಲ್ಲಿ ಕಾಕಾ ಹಾಡುತ್ತಿದ್ದರು.

“ಈಗ ಹೇಳಬ್ಯಾಡ್ರಿ,” ಎಂದರು ಗೌಡರು. “ನಾಳಿ ಮುಗಿಸ್ಕೊಂಡು ಹೇಳೂನು. ಹೆಣ ಊರಿಗೆ ಬರಂಗಿಲ್ಲ, ಹಂಗಂದ ಮ್ಯಾಲ ಊರಿಗೆ ಸೂತಕ ಇಲ್ಲ. ಪೂಜಾರೀನೂ ಹಂಗ ಅಂದ. ಮನಿಮನಿಗೆ ಜಡ್ಡು ಐತಿ, ಇಂಥಾದ್ರಾಗ ಸಪ್ತ ಮುರಿಯೂದು ಬ್ಯಾಡ.”

“ಗೌಡ್ರೆ, ಆ ದನಿ ಕೇಳ್ಕೊಂತ ಆಕಿ ಅಲ್ಲಿ ರೊಟ್ಟಿ ಬಡ್ಯಾಕತ್ತಾಳ. ಗಂಡ ಜೀವಂತ ಅದಾನ ಅಂತ ತಿಳ್ಕೊಂಡಾಳ. ನಿಮಗ ಗೊತ್ತೈತೇನು?”

ಆ ಕಡೆಯಿಂದ ಅವರು ಏದುಸಿರು ಬಿಡುವುದು ಕೇಳಿಸಿತು. ಅವರಿಗೂ ಜ್ವರವಿತ್ತು ಎಂದು ಆಮೇಲೆ ಗೊತ್ತಾಯಿತು. “ನಾನರ ಏನ್ ಮಾಡ್ಲಿ ಹೇಳ್ರಿ,” ಎಂದರು ಕೊನೆಗೆ. ಆ ದನಿಯಲ್ಲಿ ಗೌಡಿಕೆ ಇರಲಿಲ್ಲ. ಸುಣ್ಣದ ಗೆರೆ ಎಳೆಸಿ ಊರನ್ನು ಉಳಿಸಲು ಹೊರಟಿದ್ದ ಒಬ್ಬ ಮುದುಕ ಅಳುತ್ತಿದ್ದ.

ಫೋನಿಟ್ಟು ಎದ್ದೆ. ಊರ ಸಪ್ತ ಏನಾದರೂ ಆಗಲಿ, ಹೇಳಿಬಿಡುವುದು ಎಂದುಕೊಂಡು ಅಡುಗೆಮನೆಗೆ ಹೋದೆ. ಮೋಡ ಕವಿದು ಒಳಗೆ ಕತ್ತಲಾಗಿತ್ತು, ಹಗಲಲ್ಲೇ ಬಲ್ಬು ಹಾಕಿದ್ದಳು. ಹಂಚಿನ ಮೇಲೊಂದು ರೊಟ್ಟಿ, ರೊಟ್ಟಿ ಬಡಿಯುವ ಕೊಣಮಿಗೆಯ ಹಿಟ್ಟಿನಲ್ಲಿ ಇನ್ನೊಂದು. ನನ್ನನ್ನು ನೋಡಿ, “ಕುಂದರ್ರಿ, ಬಿಸೇದು ತಿನ್ನೀರಂತ,” ಎಂದಳು. ನಾನು ಬಾಯಿ ತೆರೆದೆ.

ಮೈಕು ನಿಂತಿತು.

ಪದ ಮುಗಿದು ನಿಂತದ್ದಲ್ಲ. ನುಡಿಯ ನಡುವೆ, ಒಂದು ಶಬ್ದದ ಅರ್ಧಕ್ಕೆ. ಅಷ್ಟು ದಿನದ ಮೇಲೆ ಒಮ್ಮೆಲೇ ಗದ್ದೆಯ ಕಪ್ಪೆ, ದೂರದ ಟ್ರ್ಯಾಕ್ಟರು ಎಲ್ಲ ಕೇಳತೊಡಗಿದವು. ಚಿಗವ್ವನ ಕೈ ಹಿಟ್ಟಿನ ಮೇಲೆ ನಿಂತಿತು.

“ಕರೆಂಟ್ ಹೋತೇನ್ರಿ?” ಎಂದಳು.

ಕೇಳಿ, ತಲೆಯೆತ್ತಿ ಬಲ್ಬು ನೋಡಿದಳು. ಅದು ಉರಿಯುತ್ತಿತ್ತು. ಆಮೇಲೆ ನನ್ನ ಮುಖ ನೋಡಿದಳು. ನನಗೆ ಕಣ್ಣು ತಪ್ಪಿಸಲೂ ಆಗಲಿಲ್ಲ. ಅವಳು ಹಂಚಿನ ಮೇಲಿನ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟಳು. ಕೊಡದಿಂದ ತಂಬಿಗೆಯಲ್ಲಿ ನೀರು ಮೊಗೆದು ಉರಿಯುವ ಒಲೆಗೆ ಸುರಿದಳು. ಸತ್ತವರ ಮನೆಯಲ್ಲಿ ಒಲೆ ಉರಿಯುವಂತಿಲ್ಲ. ಬೂದಿ ಎದ್ದು ಬಲ್ಬಿನ ಸುತ್ತ ಹರಡಿತು. ಅದರ ನಡುವೆ ಅವಳು ಕೂತಲ್ಲೇ ಕೂತಿದ್ದಳು.

ಸಂಜೆ ಖಾಜಾ ಬಂದು ಬೊಂಬಿನಾಚೆ ನಿಂತ. ಒಳಗೆ ಬರುವಂತಿರಲಿಲ್ಲ. ಯಾರೂ ಬರುವಂತಿರಲಿಲ್ಲ. ಆ ಹೆಣ್ಣಿನ ತಲೆಯನ್ನು ಎದೆಗೆ ಒತ್ತಿಕೊಂಡು ಅಳಲು ಊರಿನ ಒಬ್ಬ ಹೆಂಗಸೂ ಬರುವಂತಿರಲಿಲ್ಲ. ನಾನೊಬ್ಬಳೇ ಇದ್ದೆ, ನನಗೆ ಹಾಡಿ ಅಳುವುದು ಬರುತ್ತಿರಲಿಲ್ಲ.

“ಗೌಡ್ರು ನಿಂದ್ರಸಬ್ಯಾಡ ಅಂದಿದ್ರು ಅಕ್ಕೋರೆ,” ಎಂದ ಖಾಜಾ ತಗಡಿನ ಸಂದಿಯಿಂದ. “ನಾ ಕೇಳ್ಕೊಂತ ಕುಂತಿದ್ದೆ. ಆ ಕೆಮ್ಮು ಬಂತು. ಆಮ್ಯಾಲ ಅಮರಣ್ಣ ಮತ್ತ ಪದ ಎತ್ತಿದ. ಸತ್ತ ಮನಷ್ಯಾನ ಕಡಿಂದ ದುಡಿಸ್ಕೊಳ್ಳಾಕತ್ತೀನಿ ಅನ್ನಿಸ್ತು. ದಣದಾನ, ಸಾಕು ಬಿಡ್ರಿ ಅಂತ ಅನ್ನಿಸ್ತು. ಬಂದ್ ಮಾಡಿದ್ನಿ. ಪದ ಪೂರಾ ಆಗೂತನಾರ ತಡೀಬೇಕಿತ್ತು. ಅಷ್ಟು ತ್ರಾಣ ನನಗ ಇರಲಿಲ್ರಿ.”

ಸಪ್ತ ಅಲ್ಲಿಗೆ ಮುರಿಯಿತು. ಮಾರನೆಯ ದಿನ ಮಂಗಳ ಹಾಡಲು ಯಾರೂ ಇರಲಿಲ್ಲ. ಹಾಡಬಲ್ಲವರೆಲ್ಲ ಜ್ವರದಲ್ಲಿದ್ದರು, ಅವರ ಪೈಕಿ ಇಬ್ಬರು ಉಸಿರಾಡಲು ಒದ್ದಾಡುತ್ತಿದ್ದರು, ಅವರಲ್ಲೊಬ್ಬರು ಹೋದರು. ಪೂಜಾರಿ ಒಬ್ಬನೇ ಆರತಿ ಎತ್ತಿ ಬಾಗಿಲು ಹಾಕಿದ. ಆಮೇಲೆ ಆದದ್ದಕ್ಕೆಲ್ಲ ಭಜನೆ ಮುರಿದದ್ದೇ ಕಾರಣ ಎಂದವರಿದ್ದರು. ಮುರಿದವನು ಯಾವ ಜಾತಿಯವನು ಎಂದು ನೆನಪಿಸಿದವರೂ ಇದ್ದರು. ಕೌದಿ ಕೊಟ್ಟವರೇ ಹಾಗೆಂದರು. ಖಾಜಾ, ಬೊಂಬು ತೆಗೆದ ದಿನ ಬಂದು, ಆ ರೆಕಾರ್ಡಿನ ಕಾರ್ಡನ್ನು ಕಾಲುವೆಗೆ ಒಗೆದು ಬಂದೆನೆಂದು ಚಿಗವ್ವನಿಗೆ ಹೇಳಿ, ಅವಳ ಕಾಲ ಬಳಿ ಕೂತು ಅತ್ತ. ಮೈಕಿನ ಸೆಟ್ಟು ಮಾರಿ ಊರು ಬಿಟ್ಟ. ಮುಂದಿನ ವರ್ಷ ನನಗೆ ಮಸ್ಕಿಯ ಕಡೆ ವರ್ಗವಾಯಿತು. ಹೊರಟ ದಿನವೂ ಆ ಗೋಡೆಯಲ್ಲಿ ಚಾರ್ಜರ್ ನೇತಾಡುತ್ತಿತ್ತು.

ಈಗ ಊರಲ್ಲಿ ಹೊಸ ಹುಡುಗರು ಸಪ್ತ ಮಾಡುತ್ತಾರಂತೆ, ಬಯಲಲ್ಲಿ ಶಾಮಿಯಾನ ಹಾಕಿ. ಚೆನ್ನಾಗಿ ಹಾಡುತ್ತಾರೆ ಎಂದಳು ಚಿಗವ್ವ. ಕೌದಿಯ ಗಂಟನ್ನು ಮಳೆಹನಿ ಬೀಳದಂತೆ ಕಾಲ ಹತ್ತಿರ ಎಳೆದುಕೊಂಡಳು. ಒಣಗಲು ಹಾಕಿದ್ದಾಗ ಮಳೆ ಬಂತು, ಹಾಗೇ ಕಟ್ಟಿಕೊಂಡು ಬಂದೆ ಎಂದಳು. ಆಮೇಲೆ ನನ್ನ ಕಡೆ ವಾಲಿ, ಯಾರಿಗೂ ಕೇಳಬಾರದೆಂಬಂತೆ ದನಿ ತಗ್ಗಿಸಿದಳು.

“ಅಕ್ಕೋರೆ, ಅವತ್ತು ಖಾಜಾ ಬಂದ್ ಮಾಡಿದ್ನಲ್ರಿ. ಆ ಪದದ್ದು ಮುಂದಿನ ನುಡಿ ಏನಿತ್ತು? ನನಗ ಅಲ್ಲೀತನ ಬರ್ತೈತಿ. ಅಲ್ಲಿಂದ ಮುಂದ ಬರವಲ್ದು. ಅವ್ರು ಒಮ್ಮೀನೂ ಅರ್ಧಕ್ಕ ಬಿಟ್ಟಾವ್ರಲ್ಲ. ನಿಮಗ ನೆನಪೈತೇನು?”

ನನಗೆ ನೆನಪಿತ್ತು. ಅಷ್ಟು ದಿನ ಕೇಳಿದ್ದು ಎಲ್ಲಿ ಮರೆಯುತ್ತದೆ. ಹಾಡಲು ಬರುವುದಿಲ್ಲವಾದ್ದರಿಂದ, ತರಗತಿಯಲ್ಲಿ ಪಾಠ ಓದುವ ಹಾಗೆ, ಅರ್ಧಕ್ಕೆ ನಿಂತಿದ್ದ ಆ ಶಬ್ದದಿಂದ ಶುರು ಮಾಡಿ ಕೊನೆಯ ನುಡಿಯವರೆಗೆ ಅವಳ ಕಿವಿಯ ಹತ್ತಿರ ಹೇಳಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೂ ಸ್ವಲ್ಪ ಹೊತ್ತು ಕಾದಳು. ಆಮೇಲೆ ನಿಧಾನವಾಗಿ ತಲೆಯಾಡಿಸಿದಳು.

“ಅದಲ್ರೀ,” ಎಂದಳು.

ಅದೇ ಆಗಿತ್ತು. ಒಂದಕ್ಷರವೂ ತಪ್ಪಿರಲಿಲ್ಲ. ಮುಕ್ಕುಂದದ ಬಸ್ಸು ಬಂತು. ಗಂಟು ಎತ್ತಿ ಕಂಕುಳಲ್ಲಿಟ್ಟುಕೊಂಡು ಅವಳು ಹತ್ತಿದಳು.